ಅವ್ವನ ಹೊಟ್ಟೆಗೆ ನಾನು ಸಹಿ ಹಾಕಿದೆ: ಆಸ್ಪತ್ರೆಯ ಸಮ್ಮತಿ ಪತ್ರ ಓದಿ ಅರ್ಥವಾದವರು ಯಾರಾದರೂ ಇದ್ದೀರಾ?

ತಿಪಟೂರು ಮೇಷ್ಟ್ರು ಕೇಳಿದ್ದು

ನಾನು ಪ್ರೌಢಶಾಲೆಯ ಕನ್ನಡ ಮೇಷ್ಟ್ರು. 23 ವರ್ಷದ ಸೇವೆ. ಗದ್ಯಭಾಗವೊಂದನ್ನು ಕೊಟ್ಟು ‘ಓದಿಕೊಂಡು ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿರಿ’ ಎಂದು ಮಕ್ಕಳ ಬೆವರಿಳಿಸುವುದು ನನ್ನ ಕಸುಬು. ಕಳೆದ ಮಂಗಳವಾರ ರಾತ್ರಿ ನನ್ನ ಕೈಗೇ ಅಂಥದ್ದೊಂದು ಬಂತು. ನಾಲ್ಕು ಪುಟ, ಪೂರ್ತಿ ಕನ್ನಡ. ನಾನು ನಪಾಸಾದೆ.

ಅವ್ವನಿಗೆ 71 ವರ್ಷ. ಪಿತ್ತಕೋಶದಲ್ಲಿ ಕಲ್ಲು. ಉಂಡ ಮೇಲೆ ಬಲಪಕ್ಕೆಯ ಕೆಳಗೆ ಹಿಡಿದುಕೊಂಡು ಬೆನ್ನಿನವರೆಗೆ ಹೋಗುವ ನೋವು. ಸ್ಕ್ಯಾನಿಂಗ್ ಆಯಿತು, ಆಪರೇಷನ್ ಎಂದರು, ಸೇರಿಸಿದೆವು. ರಾತ್ರಿ ಒಂಬತ್ತೂ ಮುಕ್ಕಾಲಿಗೆ ಒಬ್ಬ ಹುಡುಗ ಫೈಲು ತಂದ. ಸಹಿ ಬೇಕಾದ ಕಡೆಗೆಲ್ಲ ಮೊದಲೇ ಪೆನ್ಸಿಲಿನಲ್ಲಿ ಇಂಟು ಗುರುತು ಹಾಕಿತ್ತು. ‘ಇಲ್ಲಿ ಸರ್, ಇಲ್ಲಿ, ಇಲ್ಲಿ’ ಎಂದು ಬೆರಳು ತೋರಿಸಿದ. ಓದುತ್ತೇನೆ ಎಂದೆ. ಪಾಪ, ಅವನು ಬೇಡ ಎನ್ನಲಿಲ್ಲ. ಆದರೆ ಫೈಲಿನ ಇನ್ನೊಂದು ತುದಿಯನ್ನು ಕೈಯಿಂದ ಬಿಡಲೂ ಇಲ್ಲ.

ಒಂದು ವಾಕ್ಯವನ್ನು ನೆನಪಿನಿಂದ ಬರೆಯುತ್ತೇನೆ. ಒಂದೆರಡು ಪದ ಹೆಚ್ಚುಕಡಿಮೆ ಆಗಿರಬಹುದು, ಧಾಟಿ ಮಾತ್ರ ಇದೇ: ‘ಸದರಿ ಶಸ್ತ್ರಕ್ರಿಯೆಯ ಅವಧಿಯಲ್ಲಿ ಉದ್ಭವಿಸಬಹುದಾದ ಅನಿರೀಕ್ಷಿತ ಸನ್ನಿವೇಶಗಳಿಗನುಗುಣವಾಗಿ ಮೇಲ್ಕಂಡ ವಿಧಾನಕ್ಕೆ ಹೆಚ್ಚುವರಿಯಾದ ಅಥವಾ ಭಿನ್ನವಾದ ವಿಧಾನಗಳನ್ನು ಕೈಗೊಳ್ಳಲು ಸ್ವಇಚ್ಛೆಯಿಂದ ಅಧಿಕಾರ ನೀಡಿರುತ್ತೇನೆ ಹಾಗೂ ತತ್ಪರಿಣಾಮಗಳಿಗೆ ಆಸ್ಪತ್ರೆಯಾಗಲಿ ವೈದ್ಯರಾಗಲಿ ಹೊಣೆಗಾರರಾಗಿರುವುದಿಲ್ಲ.’

ವ್ಯಾಕರಣದ ತಪ್ಪು ಒಂದೂ ಇಲ್ಲ. ಅರ್ಥ? ಇವರು ನಾಳೆ ಏನು ಮಾಡಬಹುದು, ಏನು ಮಾಡಬಾರದು ಎಂದು ಕೇಳಿದರೆ ನಾನು ಹೇಳಲಾರೆ. ಅದರ ಕೆಳಗೆ ತೊಂದರೆಗಳ ಪಟ್ಟಿ: ಸೋಂಕು, ರಕ್ತಸ್ರಾವ, ಪಿತ್ತನಾಳಕ್ಕೆ ಘಾಸಿ, ಶ್ವಾಸಾವರೋಧ, ಹೃದಯಸ್ತಂಭನ, ಮರಣ. ಹೊಲಿಗೆ ಕೀವಾಗುವುದಕ್ಕೂ ಮನುಷ್ಯ ಸಾಯುವುದಕ್ಕೂ ನಡುವೆ ಬರೀ ಅಲ್ಪವಿರಾಮ. ಯಾವುದು ಆಗಾಗ ಆಗುವಂಥದ್ದು, ಯಾವುದು ಅಪರೂಪ, ಒಂದೂ ಇಲ್ಲ. ಕೊನೆಯಲ್ಲಿ ‘ರೋಗಿ / ರೋಗಿಯ ಸಂಬಂಧಿ, ಅನ್ವಯಿಸದಿರುವುದನ್ನು ಹೊಡೆದುಹಾಕಿ’ ಎಂದಿತ್ತು. ಯಾರೂ ಏನನ್ನೂ ಹೊಡೆದುಹಾಕಲಿಲ್ಲ. ನಾನು ಐದು ಕಡೆ ಸಹಿ ಹಾಕಿದೆ. ಅವ್ವ ಎರಡು ಅಡಿ ದೂರದಲ್ಲಿ, ಹಾಸಿಗೆಯ ಮೇಲೆ, ಎಚ್ಚರವಾಗಿಯೇ ಕುಳಿತಿದ್ದಳು.

ಬೆಳಿಗ್ಗೆ ಸಕ್ಕರೆ 312 ಬಂತು. ಎರಡು ವಾರ ಮುಂದಕ್ಕೆ ಹಾಕಿ ಮನೆಗೆ ಕಳಿಸಿದರು. ಬಸ್ಸಿನಲ್ಲಿ ಅವ್ವ ಕೇಳಿದಳು: ‘ಕುಯ್ಯುವುದು ನನ್ನ ಹೊಟ್ಟೆ. ನೀನು ಸಹಿ ಹಾಕಿದೆಯಲ್ಲ, ಏನು ಬರೆದಿತ್ತು ಅದರಲ್ಲಿ?’

ಈ ಮಾತು ಬೇರೆಯವರಿಗೆ ಸಣ್ಣದು ಅನ್ನಿಸಬಹುದು. ನಮ್ಮ ಮನೆಯಲ್ಲಿ ಅಲ್ಲ. ಅಪ್ಪ ಒಂದು ಕಾಲದಲ್ಲಿ ಸ್ನೇಹಿತನ ಸಾಲಕ್ಕೆ ಜಾಮೀನು ಹಾಕಿದ್ದ, ಕಾಗದ ಓದದೆ. ಎಂಟು ವರ್ಷ ನಮ್ಮ ತೋಟದ ಕೊಬ್ಬರಿ ಮಾರಿ ಆ ಸಾಲ ತೀರಿಸಿದವಳು ಅವ್ವ. ಅಂದಿನಿಂದ ಹಾಲಿನ ಡೈರಿಯ ಪುಸ್ತಕಕ್ಕೂ ಏನಿದೆ ಎಂದು ಕೇಳಿಯೇ ಸಹಿ ಹಾಕುತ್ತಾಳೆ. ನಾಲ್ಕನೇ ಇಯತ್ತೆಯವರೆಗೆ ಓದಿದ್ದಾಳೆ, ನಿಧಾನಕ್ಕೆ ಅಕ್ಷರ ಕೂಡಿಸಿ ಓದುತ್ತಾಳೆ.

ತಂಗಿ ‘ಅವಳಿಗೆ ಎಲ್ಲ ಹೇಳಬೇಡ ಅಣ್ಣ, ಹೆದರಿ ಆಪರೇಷನ್ನೇ ಬೇಡ ಎಂದುಬಿಡುತ್ತಾಳೆ’ ಎನ್ನುತ್ತಾಳೆ. ಇನ್ನು ಹನ್ನೊಂದು ದಿನ ಇದೆ. ಪತ್ರವನ್ನು ಮೊದಲೇ ಕೇಳಿ ಮನೆಗೆ ತರಬಹುದೇ? ಸಹಿ ಯಾರದ್ದಿರಬೇಕು? ಹೆದರಿಸದೆ, ಸುಳ್ಳೂ ಹೇಳದೆ ಅವಳಿಗೆ ತಿಳಿಸುವುದು ಹೇಗೆ? ಗೊತ್ತಿದ್ದವರು ಹೇಳಿ.

ಹುಬ್ಬಳ್ಳಿ ಸಿಸ್ಟರ್

ಮೇಷ್ಟ್ರೇ, ಆ ಪೆನ್ಸಿಲ್ 31 ವರ್ಷ ನನ್ನ ಕೈಯಲ್ಲಿತ್ತು. ಆ ಹುಡುಗನನ್ನು ಬೈಯಬೇಡಿ.

ಆಪರೇಷನ್ನಿನ ಹಿಂದಿನ ರಾತ್ರಿ ವಾರ್ಡಿನಲ್ಲಿ ನಮಗೊಂದು ಪಟ್ಟಿ ಇರುತ್ತದೆ. ಬಳೆ, ತಾಳಿ, ಮೂಗುತಿ ತೆಗೆಸಿದ್ದಾಯಿತೇ, ಕಟ್ಟಿಸಿದ ಹಲ್ಲಿದೆಯೇ, ರಕ್ತದ ಗುಂಪು ಬಂತೇ, ಊಟ ನಿಲ್ಲಿಸಿದ್ದು ಎಷ್ಟು ಗಂಟೆಗೆ, ಕನ್ಸೆಂಟ್ ಆಯಿತೇ. ಒಂದೊಂದಕ್ಕೂ ಟಿಕ್ ಹಾಕಬೇಕು. ಸಹಿ ಇಲ್ಲದಿದ್ದರೆ ಥಿಯೇಟರಿನವರು ಬಾಗಿಲಲ್ಲೇ ಸ್ಟ್ರೆಚರ್ ನಿಲ್ಲಿಸಿ ವಾಪಸ್ ಕಳಿಸುತ್ತಾರೆ, ಬೈಗುಳ ನಮಗೆ. ಸಹಿ ಇದೆಯೇ ಎಂಬುದಕ್ಕೆ ಟಿಕ್ ಇದೆ. ತಿಳಿಯಿತೇ ಎಂಬುದಕ್ಕೆ ಇಲ್ಲ.

ನನ್ನ ಕಣ್ಣು ತೆರೆಸಿದ್ದು ಒಬ್ಬ ಹೆಣ್ಣುಮಗಳು. ಹೊಲದ ಕೆಲಸದವಳು, ನಲವತ್ತರ ಆಸುಪಾಸು. ಸಹಿ ಆಗಿತ್ತು, ಗಂಡನದೂ ಆಗಿತ್ತು. ತಲೆ ಬಾಚುತ್ತ ಸುಮ್ಮನೆ ಕೇಳಿದೆ, ‘ನಾಳೆ ಏನು ಮಾಡುತ್ತಾರೆ ಹೇಳಿ ನೋಡೋಣ?’ ‘ಗರ್ಭಚೀಲ ತೊಳೆಯುತ್ತಾರಂತೆ, ಸಿಸ್ಟರ್’ ಎಂದಳು. ತೊಳೆಯುವುದಲ್ಲ, ತೆಗೆಯುವುದು. ಡಾಕ್ಟರು ಹೇಳಿದ್ದು ಸರಿಯಾಗಿಯೇ ಇತ್ತು. ಅವಳ ಅಕ್ಕನಿಗೆ ಹಿಂದೆ ‘ತೊಳೆದಿದ್ದರು’, ಅದಕ್ಕೇ ಇವಳ ಕಿವಿ ಅದನ್ನೇ ಕೇಳಿತು. ರಾತ್ರಿ ಹನ್ನೊಂದಕ್ಕೆ ಡಾಕ್ಟರಿಗೆ ಫೋನ್ ಮಾಡಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೆಳಿಗ್ಗೆ ಬಂದು ಸ್ಟೂಲು ಎಳೆದುಕೊಂಡು ಕುಳಿತರು, ಅರ್ಧ ಗಂಟೆ ಮಾತಾಡಿದರು. ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು. ಅಂದಿನಿಂದ ನಿವೃತ್ತಿಯ ದಿನದವರೆಗೆ ‘ಅರ್ಥವಾಯಿತೇ’ ಎಂದು ನಾನು ಯಾರನ್ನೂ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ನಿಮ್ಮ ತರಗತಿಯಲ್ಲೂ ಹಾಗೇ ಅಲ್ಲವೇ? ‘ಹೇಳಿ ನೋಡೋಣ’ ಎನ್ನಬೇಕು.

ಇನ್ನೊಂದು ಮಾತು. ರಾತ್ರಿ ಸೇರಿಸಿದ ಮೇಲೆ ಕೇಳಲು ಹೋಗಬೇಡಿ, ಆಗ ಉತ್ತರ ಹೇಳುವವರೇ ಇರುವುದಿಲ್ಲ. ಹೊರರೋಗಿ ವಿಭಾಗದ ದಿನ ಅವ್ವನನ್ನು ಕರೆದುಕೊಂಡೇ ಹೋಗಿ, ಕೊಯ್ಯುವ ಡಾಕ್ಟರ ಎದುರಿಗೇ ಕೇಳಿ. ಖಾಲಿ ಜಾಗ ಬಿಟ್ಟಿರುವ ಪುಟಕ್ಕೆ ಮಾತ್ರ ಸಹಿ ಹಾಕಬೇಡಿ. ಆಪರೇಷನ್ನಿನ ಹೆಸರು, ಯಾವ ಪಕ್ಕ, ಡಾಕ್ಟರ ಹೆಸರು ತುಂಬಿದ ಮೇಲೆಯೇ ಪೆನ್ನು ತೆಗೆಯಿರಿ.

ಗ್ರಾಹಕ ಆಯೋಗದ ವಕೀಲ

ಸಹಿ ನಿಮ್ಮ ತಾಯಿಯದ್ದೇ ಇರಬೇಕು. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ರೋಗಿಯ ಪರವಾಗಿ ಮಗ ಒಪ್ಪಿಗೆ ಕೊಡುವಂತಿಲ್ಲ. ವೈದ್ಯರ ನಡವಳಿಕೆಗೆ ಸಂಬಂಧಿಸಿದ 2002ರ ಭಾರತೀಯ ವೈದ್ಯಕೀಯ ಮಂಡಳಿ ನಿಯಮದಲ್ಲಿ ಆಪರೇಷನ್ನಿಗೆ ಮುಂಚೆ ಯಾರಿಂದ ಲಿಖಿತ ಒಪ್ಪಿಗೆ ಪಡೆಯಬೇಕು ಎಂಬ ಪಟ್ಟಿ ಇದೆ: ಗಂಡ ಅಥವಾ ಹೆಂಡತಿ, ಅಪ್ರಾಪ್ತ ವಯಸ್ಕರಾದರೆ ತಂದೆತಾಯಿ ಅಥವಾ ಪೋಷಕರು, ಇಲ್ಲವೇ ರೋಗಿ. ರೋಗಿಯನ್ನು ಕೊನೆಯಲ್ಲಿ ನಿಲ್ಲಿಸಿದ್ದಾರೆ ಎನ್ನುವುದು ಬೇರೆ ಮಾತು. ಆದರೆ ಬೆಳೆದ ಮಗ ಆ ಪಟ್ಟಿಯಲ್ಲೇ ಇಲ್ಲ.

ನೀವು ಉದಾಹರಿಸಿದ ‘ಹೆಚ್ಚುವರಿ ಅಥವಾ ಭಿನ್ನ ವಿಧಾನ’ದ ವಾಕ್ಯಕ್ಕೆ ಸುಪ್ರೀಂ ಕೋರ್ಟ್ 2008ರ ಜನವರಿ 16ರಂದೇ ಮೂಗುದಾರ ಹಾಕಿದೆ. ಸಮೀರಾ ಕೊಹ್ಲಿ ಪ್ರಕರಣ. 1995ರಲ್ಲಿ ದೆಹಲಿಯಲ್ಲಿ 44 ವರ್ಷದ ಅವಿವಾಹಿತ ಮಹಿಳೆ ಲ್ಯಾಪರೊಸ್ಕೋಪಿಗೆ, ಎಂದರೆ ಸಣ್ಣ ತೂತಿನಿಂದ ಹೊಟ್ಟೆಯೊಳಗೆ ನೋಡುವುದಕ್ಕೆ, ಒಪ್ಪಿ ಸಹಿ ಹಾಕಿದ್ದರು. ಅವರು ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದರು. ಪ್ರಾಣಕ್ಕೆ ಆ ಕ್ಷಣದ ಅಪಾಯವಿರಲಿಲ್ಲ, ಎಚ್ಚರವಾಗುವವರೆಗೆ ಕಾಯಬಹುದಿತ್ತು, ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದಿತು ಕೋರ್ಟು. ವೈದ್ಯರ ಉದ್ದೇಶ ಒಳ್ಳೆಯದೇ ಎಂದು ಒಪ್ಪಿಕೊಂಡೂ ಅವರ ಶುಲ್ಕವನ್ನು ನಿರಾಕರಿಸಿ 25,000 ರೂಪಾಯಿ ಪರಿಹಾರ ಕೊಡಿಸಿತು. ಚಿಕಿತ್ಸೆ ಎಂಥದ್ದು, ಏತಕ್ಕೆ, ಏನು ತೊಂದರೆ ಬರಬಹುದು, ಬೇರೆ ದಾರಿ ಇದೆಯೇ, ಮಾಡಿಸದಿದ್ದರೆ ಏನಾಗುತ್ತದೆ, ಇಷ್ಟನ್ನು ರೋಗಿಗೆ ಹೇಳಲೇಬೇಕು ಎಂದೂ ಅದೇ ತೀರ್ಪಿನಲ್ಲಿದೆ. ಈ ಐದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

‘ಹೊಣೆಗಾರರಾಗಿರುವುದಿಲ್ಲ’ ಎಂಬ ಸಾಲು ಹೆದರಿಸಲು ಮಾತ್ರ. ನಿರ್ಲಕ್ಷ್ಯ ಸಾಬೀತಾದರೆ ಅದು ಆಸ್ಪತ್ರೆಯನ್ನು ಕಾಯುವುದಿಲ್ಲ. ಹಾಕಿದ ಸಹಿಯ ಪ್ರತಿ ಬೇಕೆಂದರೆ ಬರವಣಿಗೆಯಲ್ಲಿ ಕೇಳಿ. ವೈದ್ಯಕೀಯ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕೆಂದು ಅದೇ 2002ರ ನಿಯಮ ಹೇಳುತ್ತದೆ.

ಒಂದು ತಮಾಷೆ ನೋಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಪ್ರಕಾರ, ನಿಮ್ಮ ಮಾಹಿತಿ ಕೇಳುವವರು ಆ ಕುರಿತ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಮೊಬೈಲ್ ನಂಬರಿಗೆ ಸಿಕ್ಕಿರುವಷ್ಟು ಸ್ಪಷ್ಟವಾದ ಭಾಷೆಯ ಹಕ್ಕು ಹೊಟ್ಟೆಗೆ ಸಿಕ್ಕಿದ್ದರೆ ನನಗೆ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು.

ಪುಟಕ್ಕಿಷ್ಟು

ನಾನು ಬೆಂಗಳೂರಿನಲ್ಲಿ ಅನುವಾದ ಮಾಡುವವಳು. ಇಂಥ ಪತ್ರಗಳನ್ನು ನಾನೇ ಮಾಡಿದ್ದೇನೆ, ಔಷಧ ಪ್ರಯೋಗಗಳಿಗೆ ಹೆಚ್ಚು, ಆಸ್ಪತ್ರೆಗಳಿಗೂ ಕೆಲವು. ಹಾಗಾಗಿ ಮೇಷ್ಟ್ರು ಬೈದದ್ದು ನನಗೇ ತಗುಲಿತು. ಆ ಕನ್ನಡ ಹಾಗೇಕಾಗುತ್ತದೆ ಎಂದು ಹೇಳಿಬಿಡುತ್ತೇನೆ.

ನಾನು ಕನ್ನಡಕ್ಕೆ ತಂದದ್ದನ್ನು ಇನ್ನೊಬ್ಬರು, ಮೂಲ ನೋಡದೆ, ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡು ಇಂಗ್ಲಿಷನ್ನು ಅಕ್ಕಪಕ್ಕ ಇಟ್ಟು, ಕನ್ನಡ ಬಾರದ ಒಬ್ಬರು ತಾಳೆ ನೋಡುತ್ತಾರೆ. ‘ಶ್ವಾಸಾವರೋಧ’ ಎಂದು ಬರೆದರೆ ಅದು ಹೋದಷ್ಟೇ ಅಚ್ಚುಕಟ್ಟಾಗಿ ಮರಳಿ ಬರುತ್ತದೆ. ‘ಉಸಿರು ಕಟ್ಟುವುದು’ ಎಂದು ಬರೆದೆನೋ, ಆ ಕಡೆಯಿಂದ ಉಸಿರನ್ನು ಹಗ್ಗದಿಂದ ಕಟ್ಟಿದ ಹಾಗೆ ಏನೋ ಬರುತ್ತದೆ, ನನಗೆ ಕೆಂಪು ಗುರುತಿನ ಪ್ರಶ್ನೆ ಬರುತ್ತದೆ. ನಾಲ್ಕು ಸಲ ಪ್ರಶ್ನೆ ಬಂದ ಮೇಲೆ ಯಾವ ಅನುವಾದಕಿಯಾದರೂ ಶ್ವಾಸಾವರೋಧವನ್ನೇ ಬರೆಯುತ್ತಾಳೆ. ನನಗೆ ಕೂಲಿ ಪದದ ಲೆಕ್ಕದಲ್ಲಿ. ಅಜ್ಜಿಗೆ ತಿಳಿಯಿತೇ ಎಂದು ನೋಡುವುದಕ್ಕೆ ಯಾರೂ ಕೂಲಿ ಕೊಟ್ಟಿಲ್ಲ.

ಓದಲು ಸುಲಭವೇ ಎಂದು ಅಳೆಯುವ ಸೂತ್ರಗಳಿವೆ, ಪದ ಎಷ್ಟು ಉದ್ದ, ವಾಕ್ಯ ಎಷ್ಟು ಉದ್ದ ಎಂದು ಎಣಿಸುವಂಥವು. ಇಂಗ್ಲಿಷಿಗಾಗಿ ಮಾಡಿದ ಅಳತೆಗೋಲು. ಕನ್ನಡದಲ್ಲಿ ‘ಮಾಡಬೇಕಾಗಿಬಂದದ್ದರಿಂದ’ ಹತ್ತು ಅಕ್ಷರ, ಯಾವ ಅಜ್ಜಿಗೂ ತೊಡಕಿಲ್ಲ. ‘ಶ್ವಾಸಾವರೋಧ’ ಐದೇ ಅಕ್ಷರ, ಯಾವ ಅಜ್ಜಿಗೂ ಗೊತ್ತಿಲ್ಲ. ಆ ಸೂತ್ರ ನಂಬಿದರೆ ಮೊದಲನೆಯದನ್ನೇ ಕಷ್ಟದ ಪದ ಎನ್ನಬೇಕಾಗುತ್ತದೆ.

ರಾಯಚೂರು ಕಡೆಯವನು

ನೀವೆಲ್ಲ ಯಾವ ಕನ್ನಡ ಎಂದು ಚರ್ಚಿಸುತ್ತಿದ್ದೀರಿ. ನಮ್ಮ ತಾಂಡಾದ ಹಿರಿಯರಿಗೆ ಲಂಬಾಣಿ ಬಿಟ್ಟರೆ ಬೇರೆ ಸರಿಯಾಗಿ ಬಾರದು. ನನ್ನ ಅಜ್ಜಿಯ ಕಣ್ಣಿನ ಪೊರೆ ತೆಗೆಸಿದಾಗ ಪಕ್ಕದ ಹಾಸಿಗೆಯವರ ಮೊಮ್ಮಗ, ಹನ್ನೆರಡು ವರ್ಷದವನು, ಡಾಕ್ಟರ ಮಾತನ್ನು ತಿರುಗಿಸಿ ಹೇಳಿದ. ಚೆನ್ನಾಗಿಯೇ ಹೇಳಿದ. ಲಂಬಾಣಿಗೆ ಎಂಟನೆಯ ಅನುಸೂಚಿಯಲ್ಲೂ ಜಾಗವಿಲ್ಲ, ವಕೀಲರೇ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36, ಹೆಂಗಸರದ್ದು ಶೇ. 68.08. ನಾಲ್ವರಲ್ಲಿ ಒಬ್ಬರಿಗೆ ಪತ್ರ ಸರಳವಾಗಿದ್ದರೂ ಒಂದೇ, ಕಠಿಣವಾಗಿದ್ದರೂ ಒಂದೇ.

ಮತ್ತು ಕೊಡುವವಳು

ಅರಿವಳಿಕೆ ವೈದ್ಯೆ, ಶಿವಮೊಗ್ಗ ಕಡೆ. ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ಮನ್ನಿಸಿ. ಮೇಷ್ಟ್ರ ತಾಯಿಯ ಸಕ್ಕರೆ ನೋಡಿ ಆಪರೇಷನ್ ಮುಂದಕ್ಕೆ ಹಾಕಿದ್ದು ನನ್ನಂಥ ಯಾರೋ ಒಬ್ಬರು. ಅದನ್ನು ಯಾರೂ ಹೇಳಲಿಲ್ಲ.

ಪತ್ರದ ಒಂದೊಂದು ಸಾಲಿನ ಹಿಂದೆಯೂ ಎಲ್ಲೋ ನಡೆದ ಒಂದು ಜಗಳವಿದೆ. ‘ಇದನ್ನು ಹೇಳಿರಲಿಲ್ಲ’ ಎಂದು ಯಾರೋ ಕೋರ್ಟಿಗೆ ಹೋದರು, ಒಂದು ಸಾಲು ಸೇರಿತು. ಹೀಗೆ ಸೇರಿ ಸೇರಿ ನಾಲ್ಕು ಪುಟ. ಈಗ ಯಾರೂ ಓದುವುದಿಲ್ಲ ಎನ್ನುವುದೂ ನಿಜ.

ಆದರೆ ಸರಳ ಕನ್ನಡದಿಂದ ಎಲ್ಲ ಸರಿಹೋಗುತ್ತದೆ ಎನ್ನುವುದನ್ನು ಒಪ್ಪುವುದಿಲ್ಲ. ‘ಸಣ್ಣ ಆಪರೇಷನ್ ಅಜ್ಜಿ, ಮೂರು ತೂತು ಹಾಕಿ ತೆಗೆದುಬಿಡುತ್ತಾರೆ’ ಎನ್ನುವುದು ಬಹಳ ಸರಳ ಕನ್ನಡ. ಅಜ್ಜಿಗೆ ಪೂರ್ತಿ ಅರ್ಥವಾಗುತ್ತದೆ. ಮತ್ತು ಅದು ತಪ್ಪು. ಸಾಮಾನ್ಯವಾಗಿ ನಾಲ್ಕು ತೂತು ಎನ್ನುವುದು ಹಾಗಿರಲಿ. ಪಿತ್ತಕೋಶ ಉರಿಯೂತದಿಂದ ಅಕ್ಕಪಕ್ಕಕ್ಕೆ ಅಂಟಿಕೊಂಡು ನಾಳ ಯಾವುದು, ರಕ್ತನಾಳ ಯಾವುದು ಎಂದು ಸ್ಪಷ್ಟವಾಗದಿದ್ದರೆ ಸರ್ಜನ್ ತೂತಿನ ದಾರಿ ಬಿಟ್ಟು ಹೊಟ್ಟೆ ತೆರೆಯುತ್ತಾರೆ. ಅದು ಸೋಲಲ್ಲ, ಜಾಣತನ. ಮೇಷ್ಟ್ರಿಗೆ ಅರ್ಥವಾಗದ ‘ಭಿನ್ನ ವಿಧಾನ’ ಎಂದರೆ ಬಹುಮಟ್ಟಿಗೆ ಇದೇ. ಇದನ್ನು ಮೊದಲೇ ಹೇಳದಿದ್ದರೆ ಎಚ್ಚರವಾದ ಅಜ್ಜಿ ಉದ್ದದ ಹೊಲಿಗೆ ನೋಡಿ ಏನೋ ಅನಾಹುತವಾಗಿದೆ ಎಂದುಕೊಳ್ಳುತ್ತಾರೆ.

ನಾನು ಮಧುಮೇಹವಿರುವ ಎಪ್ಪತ್ತು ದಾಟಿದವರಿಗೆ ಏನು ಹೇಳುತ್ತೇನೆಂದರೆ: ಪೂರ್ತಿ ನಿದ್ದೆ ಬರಿಸುತ್ತೇನೆ, ಗಂಟಲಲ್ಲಿ ನಳಿಗೆ ಇಡುತ್ತೇನೆ, ಎದ್ದ ಮೇಲೆ ಗಂಟಲು ಕೆರೆಯುತ್ತದೆ. ಅಲುಗಾಡುವ ಹಲ್ಲಿದ್ದರೆ ಈಗಲೇ ತೋರಿಸಿ. ಸಕ್ಕರೆ ಹೆಚ್ಚಿದ್ದರೆ ಗಾಯ ಕೀವಾಗುವ ಸಂಭವ ಹೆಚ್ಚು. ಮತ್ತೆ, ಮಾರನೆಯ ದಿನ ಭುಜ ನೋಯಬಹುದು. ಹೊಟ್ಟೆ ಉಬ್ಬಿಸಲು ತುಂಬುವ ಗಾಳಿಯಿಂದ ಅದು, ಎರಡು ಮೂರು ದಿನಕ್ಕೆ ಹೋಗುತ್ತದೆ. ಎಷ್ಟೋ ಜನಕ್ಕೆ ಹೀಗಾಗುತ್ತದೆ, ಹೃದಯದ್ದೇ ಏನೋ ಎಂದು ಗಾಬರಿಯಾಗುತ್ತಾರೆ. ನಾನು ಕಂಡ ಪತ್ರಗಳಲ್ಲಿ ಸಾವು ಇದೆ, ಭುಜನೋವು ಇಲ್ಲ.

ತಂಗಿಗೆ ಹೇಳಿ: ತಿಳಿದು ಹೆದರಿದವರನ್ನು ನಾನು ಸಮಾಧಾನ ಮಾಡಬಲ್ಲೆ. ತಿಳಿಯದೆ ಹೆದರಿದವರ ರಕ್ತದೊತ್ತಡ ಮೇಜಿನ ಮೇಲೆ ಏರುತ್ತದೆ.

ತಿಪಟೂರು ಮೇಷ್ಟ್ರು, ಮೂರು ವಾರದ ನಂತರ

ಎಲ್ಲರಿಗೂ ನಮಸ್ಕಾರ. ಆಪರೇಷನ್ ಆಯಿತು, ಅವ್ವ ಮನೆಗೆ ಬಂದಿದ್ದಾಳೆ.

ಪತ್ರವನ್ನು ಮೊದಲೇ ಕೊಡಿ ಎಂದಾಗ ಕೌಂಟರಿನವರು ‘ಹಾಗೆಲ್ಲ ಕೊಡುವುದಿಲ್ಲ’ ಎಂದರು. ಕೊಡಬಾರದೆಂದು ಎಲ್ಲಿ ಬರೆದಿದೆ ಎಂದು ಕೇಳಿದೆ, ಮೇಷ್ಟ್ರ ದನಿಯಲ್ಲಿ. ಖಾಲಿ ಪ್ರತಿ ಸಿಕ್ಕಿತು. ಎರಡು ಸಂಜೆ ಕುಳಿತು ನಾಲ್ಕು ಪುಟವನ್ನು ಒಂದಕ್ಕೆ ಇಳಿಸಿದೆ. ಸಿಸ್ಟರ್ ಹೇಳಿದಂತೆ ಓದಿ ಮುಗಿಸಿ ‘ಹೇಳು ನೋಡೋಣ ಅವ್ವ’ ಎಂದೆ. ಮೊದಲನೆಯ ಸಾಲಿಗೇ ನಿಂತಳು. ನಾನು ಬರೆದದ್ದು ‘ಕಲ್ಲಿರುವ ಚೀಲವನ್ನು ತೆಗೆಯುತ್ತಾರೆ’ ಎಂದು.

‘ಚೀಲವನ್ನೇ ತೆಗೆಯುತ್ತಾರೆಯೇ? ಕಲ್ಲು ಮಾತ್ರ ಎಂದುಕೊಂಡಿದ್ದೆನಲ್ಲ.’

ನಾಲ್ಕು ತಿಂಗಳಿಂದ ಮನೆಯಲ್ಲಿ ‘ಕಲ್ಲಿನ ಆಪರೇಷನ್’ ಎಂದೇ ಮಾತಾಡಿದ್ದೆವು. ತಪ್ಪು ಆಸ್ಪತ್ರೆಯ ಕನ್ನಡದ್ದಲ್ಲ, ನಮ್ಮ ಮನೆಯ ಕನ್ನಡದ್ದು. ಡಾಕ್ಟರಮ್ಮ, ನೀವು ಸರಳ ಕನ್ನಡದ ಬಗ್ಗೆ ಹೇಳಿದ್ದು ಆಗ ನೆನಪಾಯಿತು.

ಸರ್ಜನ್ ಎದುರು ಅವಳೇ ಕೇಳಿದಳು. ಚೀಲವಿಲ್ಲದೆ ಊಟ ಅರಗುತ್ತದೆಯೇ? ಅರಗುತ್ತದೆ, ಪಿತ್ತ ಮಾಡುವುದು ಯಕೃತ್ತು, ಈ ಚೀಲ ಅದನ್ನು ಕೂಡಿಟ್ಟುಕೊಳ್ಳುತ್ತದೆ ಅಷ್ಟೆ. ಕೊಬ್ಬರಿ ತಿನ್ನಬಹುದೇ? ಕೆಲವು ವಾರ ಜಿಡ್ಡು ಕಡಿಮೆ ಮಾಡಿ, ಆಮೇಲೆ ತಿನ್ನಿ. ಬೇಡ ಎಂದರೆ ಏನಾಗುತ್ತದೆ? ಇದಕ್ಕೆ ಅವರು ಪೆನ್ನು ಕೆಳಗಿಟ್ಟರು. ನೋವು ಮತ್ತೆ ಬರಬಹುದು, ಕಲ್ಲು ನಾಳಕ್ಕೆ ಜಾರಿದರೆ ಕಾಮಾಲೆ ಆಗಬಹುದು, ಮೇದೋಜೀರಕ ಗ್ರಂಥಿ ಊದಿಕೊಂಡರೆ ಪ್ರಾಣಕ್ಕೇ ಕಷ್ಟ, ಎಂದರು. ಅವ್ವ ಸ್ವಲ್ಪ ಹೊತ್ತು ಯೋಚಿಸಿ ‘ಹಾಗಾದರೆ ತೆಗೆಯಿರಿ’ ಎಂದಳು. ತಂಗಿಯ ಮುಖ ನೋಡಬೇಕಿತ್ತು.

ರಾತ್ರಿ ಅದೇ ಹುಡುಗ, ಅದೇ ಪೆನ್ಸಿಲ್ ಗುರುತು. ‘ನೀವೇ ಹಾಕಿಬಿಡಿ ಸರ್, ಅವರು ಹಾಕಿದರೆ ತಡವಾಗುತ್ತದೆ’ ಎಂದ. ತಡವಾಗಲಿ ಎಂದೆ. ಐದು ಸಹಿಗೆ ಹನ್ನೊಂದು ನಿಮಿಷ ಹಿಡಿಯಿತು, ಗಡಿಯಾರ ನೋಡುತ್ತಿದ್ದೆ. ನಾನು ಸಾಕ್ಷಿಯ ಜಾಗದಲ್ಲಿ ಹಾಕಿದೆ. ಹಳೆಯ ಪತ್ರದ ಮೇಲೆ ಎರಡು ಗೆರೆ ಎಳೆಸಿ ರದ್ದು ಎಂದು ಬರೆಸಿದೆ.

ತೂತಿನಲ್ಲೇ ಮುಗಿಯಿತು, ತೆರೆಯಬೇಕಾಗಲಿಲ್ಲ. ಮಾರನೆಯ ಬೆಳಿಗ್ಗೆ ಬಲಭುಜ ಹಿಡಿದುಕೊಂಡಿತು. ಪಕ್ಕದ ಹಾಸಿಗೆಯವರು ಗಾಬರಿಯಾಗಿ ಸಿಸ್ಟರನ್ನು ಕೂಗಿದರೆ ಅವ್ವ ಮಲಗಿದಲ್ಲಿಂದಲೇ ‘ಗಾಳಿಯದು, ಎರಡು ದಿನ ಇರುತ್ತದೆ’ ಎಂದು ಅವರಿಗೇ ತಿಳಿಹೇಳಿದಳು.

ನನ್ನ ಒಂದು ಪುಟವನ್ನು ಆಸ್ಪತ್ರೆಯ ಮ್ಯಾನೇಜರಿಗೆ ಕೊಟ್ಟು ಬಂದೆ. ಓದಿ, ‘ಚೆನ್ನಾಗಿದೆ, ಲೀಗಲ್‌ನವರು ಒಪ್ಪಬೇಕು’ ಎಂದರು. ಅರಿವಳಿಕೆಯ ಪತ್ರ ಮಾತ್ರ ನನ್ನ ಕೈಗೆ ಇನ್ನೂ ಬಗ್ಗಿಲ್ಲ. ಮೂರನೆಯ ಪುಟದಲ್ಲಿ ‘ತತ್ಪರಿಣಾಮ’ ನಾಲ್ಕು ಸಲ ಬರುತ್ತದೆ, ಒಂದೊಂದು ಸಲ ಒಂದೊಂದು ಅರ್ಥ. ಪುಟಕ್ಕಿಷ್ಟು ಅವರೇ, ಕಳಿಸಿದರೆ ನೋಡುತ್ತೀರಾ?

ಪುಟಕ್ಕಿಷ್ಟು

ಕಳಿಸಿ. ಈ ಸಲ ಪದದ ಲೆಕ್ಕ ಬೇಡ, ತಿಪಟೂರಿನ ಕೊಬ್ಬರಿ ಒಂದು ಕೆ.ಜಿ. ಸಾಕು. ನಾನು ಮಾಡಿದ ಮೇಲೆ ಮೊದಲು ಅವ್ವನ ಎದುರು ಓದಿ, ಕೆಂಪು ಗುರುತು ಅವರೇ ಹಾಕಲಿ.